ಪಕ್ಷಕಾರನ ದುಡ್ಡಿಗೊಂದು ಬೇರೆ ಖಾತೆ

ಹುಕ್ಕೇರಿ ತಾಲೂಕಿನ ಘೋಡಗೇರಿಯ ರೈತ ಭೂಸ್ವಾಧೀನದ ಪರಿಹಾರ ಸಾಲದೆಂದು ಕೋರ್ಟಿನ ಮೆಟ್ಟಿಲೇರಿದರೆ ಮೊದಲು ಹೆಬ್ಬೆಟ್ಟು ಒತ್ತುವುದು ವಕಾಲತ್ತಿಗೆ. ದಾವೆ ನಡೆಸುವ, ರಾಜಿ ಮಾಡಿಕೊಳ್ಳುವ ಅಧಿಕಾರಗಳ ಜೊತೆ, ಕೋರ್ಟಿನಲ್ಲಿ ಜಮೆಯಾದ ಹಣ ಎತ್ತುವ ಅಧಿಕಾರವನ್ನೂ ಆ ಅಚ್ಚಿನ ಹಾಳೆಯ ಸಣ್ಣಕ್ಷರಗಳು ಸಾಮಾನ್ಯವಾಗಿ ವಕೀಲರಿಗೇ ಕೊಡುತ್ತವೆ. ಹಣ ಬರುವುದು ಎಷ್ಟೋ ವರ್ಷಗಳ ಮೇಲೆ. 1894ರ ಭೂಸ್ವಾಧೀನ ಕಾಯ್ದೆಯಡಿಯ ಹಳೆಯ ಪ್ರಕರಣವಾದರೆ ಶೇ. 30 ಸೊಲೇಷಿಯಂ ಎಂಬ ಹೆಚ್ಚುವರಿ ಪರಿಹಾರ, ಮೊದಲ ವರ್ಷಕ್ಕೆ ಶೇ. 9, ಆಮೇಲೆ ಶೇ. 15 ಬಡ್ಡಿ. ಇಷ್ಟನ್ನೆಲ್ಲ ಕೂಡಿಸಿ ಒಟ್ಟು ಎಷ್ಟಾಯಿತೆಂದು ಹೇಳುವುದು ಓದಿದವರಿಗೂ ಕಷ್ಟ. ಸಾಹೇಬರು ಕೈಗಿಟ್ಟಿದ್ದೇ ಬಂದ ಹಣವೆಂದು ನಂಬುವುದೊಂದೇ ದಾರಿ. ಹಿಡಕಲ್ ಜಲಾಶಯಕ್ಕೆ ಹೊಲ ಕೊಟ್ಟ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ನಂಬಿಕೆ ಮುರಿದರೆ ಏನಾಗುತ್ತದೆಂಬುದಕ್ಕೆ ಉತ್ತರ ಪ್ರದೇಶದ ಬೈಜು ಪ್ರಕರಣ ಸಾಕು. ಆತನ ಭೂಪರಿಹಾರ 8,118 ರೂಪಾಯಿಯನ್ನು ವಕೀಲ 1987ರಲ್ಲಿ ಕೋರ್ಟಿನಿಂದ ಎತ್ತಿ ತಾನೇ ಇಟ್ಟುಕೊಂಡ. 1988ರಲ್ಲಿ ದೂರು ಹೋಯಿತು. ರಾಜಿಯಾಗಿದೆ ಎಂಬ ಅಫಿಡವಿಟ್ ಬೈಜು ಹೆಸರಿನಲ್ಲೇ ಬಂತು. ಅದು ಸುಳ್ಳೆಂದು ಸಾಬೀತಾಯಿತು. ಭಾರತೀಯ ವಕೀಲರ ಪರಿಷತ್ತು ಮೂರು ವರ್ಷದ ಅಮಾನತು ಸಾಕೆಂದಿತು. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ವಕೀಲನ ಹೆಸರನ್ನೇ ಪಟ್ಟಿಯಿಂದ ತೆಗೆಸಿತು. ತೀರ್ಪು ಸರಿಯೇ, ಆದರೆ ಹದಿನಾಲ್ಕು ವರ್ಷ! ರಾಜ್ಯ ಪರಿಷತ್ತು ದೂರನ್ನು ಒಂದು ವರ್ಷದೊಳಗೆ ಮುಗಿಸಬೇಕು, ಇಲ್ಲವಾದರೆ ಅದು ಭಾರತೀಯ ಪರಿಷತ್ತಿಗೆ ಹೋಗಬೇಕು ಎನ್ನುತ್ತದೆ 1961ರ ವಕೀಲರ ಕಾಯ್ದೆಯ 36ಬಿ ಕಲಂ.

ಹಾಗಾಗಿ ಶಿಕ್ಷೆಯನ್ನು ಹೆಚ್ಚಿಸುವುದಕ್ಕಿಂತ ಲೆಕ್ಕವನ್ನು ಬಿಗಿ ಮಾಡುವುದು ಮುಖ್ಯ ಎಂಬುದು ನನ್ನ ವಾದ. ಪಕ್ಷಕಾರನ ಹಣದ ಲೆಕ್ಕ ಇಡಬೇಕು, ಬಂದದ್ದನ್ನು ಬೇಗ ತಿಳಿಸಬೇಕು, ಕೇಳಿದರೆ ಪ್ರತಿ ಕೊಡಬೇಕು ಎಂದು ಭಾರತೀಯ ಪರಿಷತ್ತಿನ ನಿಯಮಗಳು ಹೇಳುತ್ತವೆ. ಆ ಹಣ ಬೇರೆ ಬ್ಯಾಂಕ್ ಖಾತೆಯಲ್ಲಿರಬೇಕು ಎಂಬ ಮಾತು ಮಾತ್ರ ಅವುಗಳಲ್ಲಿಲ್ಲ. ಇಂಗ್ಲೆಂಡಿನ ಸಾಲಿಸಿಟರುಗಳಿಗೆ ಬೇರೆ ಖಾತೆ ಕಡ್ಡಾಯ. ಮೋಸ ಹೋದವರಿಗೆ ಪರಿಹಾರ ನಿಧಿಯೂ ಇದೆ. ನಮ್ಮಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸೇವೆಯನ್ನು ಗ್ರಾಹಕ ಕಾಯ್ದೆಯ ಹೊರಗಿಟ್ಟಿತು. ಗ್ರಾಹಕ ಆಯೋಗದ ಬಾಗಿಲು ಮುಚ್ಚಿದ ಮೇಲೆ ಪರಿಷತ್ತಿನ ಹೊಣೆ ಇಮ್ಮಡಿಯಾಗಿದೆ.

ನಾಲ್ಕು ಜನರ ತಪ್ಪಿಗೆ ಇಡೀ ವೃತ್ತಿಯನ್ನು ಅನುಮಾನಿಸಬೇಕೇ ಎಂದು ಕೇಳುವವರಿದ್ದಾರೆ. ಬ್ಯಾಂಕಿನ ಕ್ಯಾಷಿಯರ್ ದಿನಾ ಸಂಜೆ ನೋಟು ಎಣಿಸಿ ಒಪ್ಪಿಸುತ್ತಾನೆ. ಅವನನ್ನು ಯಾರೂ ಕಳ್ಳ ಅನ್ನುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕ ಜಾಸ್ತಿ. ಗೋಕಾಕ, ಹುಕ್ಕೇರಿಯಂಥ ತಾಲೂಕು ಕೋರ್ಟುಗಳಲ್ಲಿ ಫೀ ಇಲ್ಲದೆ ವರ್ಷಗಟ್ಟಲೆ ಕೇಸು ನಡೆಸಿ, ನಕಲಿನ ಖರ್ಚನ್ನೂ ಕೈಯಿಂದ ಹಾಕುವ ವಕೀಲರಿದ್ದಾರೆ. ಕೊನೆಗೆ ಬಂದ ಹಣದಲ್ಲಿ ಮುರಿದುಕೊಳ್ಳದೆ ಅವರೇನು ಮಾಡಬೇಕು? ಪ್ರಾಮಾಣಿಕರಿಗೆ ಬರೆದಿಟ್ಟ ಲೆಕ್ಕವೇ ರಕ್ಷಣೆ. ಫೀ ಎಷ್ಟೆಂದು ಮೊದಲೇ ಕನ್ನಡದಲ್ಲಿ ಬರೆದು ಕೊಟ್ಟರೆ, ಗೆದ್ದದ್ದರಲ್ಲಿ ಇಷ್ಟು ಪಾಲು ಎಂಬ ನಿಷಿದ್ಧ ಒಪ್ಪಂದದ ಗುಮಾನಿಯೂ ಅವರ ಮೇಲೆ ಬೀಳುವುದಿಲ್ಲ.

ಅಪಘಾತ ಪರಿಹಾರವನ್ನು ನೇರವಾಗಿ ಸಂತ್ರಸ್ತರ ಖಾತೆಗೇ ಹಾಕಿಸುವ ಕ್ರಮಕ್ಕೆ 2025ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಭೂಪರಿಹಾರಕ್ಕೂ ಅದನ್ನೇ ಕಡ್ಡಾಯ ಮಾಡಬಹುದು. ಕೋರ್ಟಿನ ಹೊರಗೆ ರಾಜಿಯಾಗಿ ಬರುವ ಹಣಕ್ಕಾದರೂ ಬೇರೆ ಖಾತೆ ಬೇಕೇ ಬೇಕು. ಇನ್ನು ದೂರಿನ ಮಾತು. ರಾಜ್ಯ ವಕೀಲರ ಪರಿಷತ್ತಿನ ಕಚೇರಿ ಇರುವುದು ಬೆಂಗಳೂರಿನಲ್ಲಿ, ಘಟಪ್ರಭೆಯ ದಂಡೆಯಿಂದ ಸುಮಾರು ಐದುನೂರು ಕಿಲೋಮೀಟರ್ ಆಚೆ. ಹೈಕೋರ್ಟಿನ ಪೀಠವೇ 2008ರಲ್ಲಿ ಧಾರವಾಡಕ್ಕೆ ಬಂದಿದೆ. ಮೂವರು ಸದಸ್ಯರ ಶಿಸ್ತು ಸಮಿತಿ ತಿಂಗಳಿಗೊಮ್ಮೆ ಅಲ್ಲಿ ಕೂರುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.