ಡಿಕ್ಕಿ ಯಾರ ಪಾಲು?

ಯಾತ್ರಾಕ್ಕ ಹೊಂಟ್ರ ನಮ್ಮ ಕಡೆ ಬುತ್ತಿ ಹೆಂಗಸರ ಪಾಲು, ಗಾಡಿ ಗಂಡಸರ ಪಾಲು. ಖಟಕ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು, ಅತ್ತಿಯವರ ಬಿಪಿ ಗುಳಿಗಿ ಎಷ್ಟು ದಿನದ್ದು, ಎಲ್ಲಾ ನಾವ ಲೆಕ್ಕಾ ಹಾಕಬೇಕು. ಆದ್ರ ನಡು ಹಾದ್ಯಾಗ ಗಾಡಿ ನಿಂತ್ರ ಅದನ್ನ ಎಬ್ಬಸೋ ಸಾಮಾನು ಯಾವುದು ಇರಬೇಕು ಅಂತ ನಮ್ಮನ್ನ ಒಬ್ಬರೂ ಕೇಳಂಗಿಲ್ಲ. ಬಿಸಲಾಗ ಕೂಸು ಎತ್ತಿಕೊಂಡು ರಸ್ತೆ ಬದಿಗೆ ನಿಲ್ಲೋರು ಮಾತ್ರ ನಾವ!

ಈಗ ಗಂಡಸರಿಗೆ ಹೊಸಾ ಹುಚ್ಚು ಹತ್ತೇದ. ಲಡಾಖಿನ ವಿಡಿಯೋ ನೋಡೂದು, ವಿಂಚು, ಎತ್ತರದ ಫಾರ್ಮ್ ಜಾಕು ಅಂತ ತರಸೂದು. ಅಲ್ಲಾ, ಆ ಜಾಕಿಗೆ ಗಟ್ಟಿ ಕಬ್ಬಿಣದ ಬಂಪರ್ ಬೇಕು. ನಮ್ಮ ಸಣ್ಣ ಕಾರಿನ ಪ್ಲಾಸ್ಟಿಕ್ ಬಂಪರಿಗೆ ಹಚ್ಚಿದ್ರ ಅದು ಚಕ್ಕಲಿ ಮುರಧಂಗ ಮುರೀತದ. ನಾವು ಹೋಗೂದು ತುಳಜಾಪುರಕ್ಕ, ಗೋಕರ್ಣಕ್ಕ, ಹಿಮದಾಗ ಅಲ್ಲ.

ನನ್ನ ವಾದ ಇಷ್ಟ: ಗಾಡ್ಯಾಗ ಕೂತವರೊಳಗ ಕಡಿಮಿ ಶಕ್ತಿ ಇದ್ದವರೂ ಉಪಯೋಗ ಮಾಡಲಿಕ್ಕೆ ಬರೋದು ಮಾತ್ರ ಸಾಮಾನು. ಉಳದದ್ದು ಭಾರ. ಗಾಡಿ ಹೊಡಿಯೋರಿಗೇ ಆರಾಮ ತಪ್ಪಿದ್ರ ಯಾರು ಇಳೀಬೇಕು? ನಾವ ತಾನ?

ಗಾಲಿ ನಟ್ಟಿನ ಮಾತು ತಗೋರಿ. ಟೈರ್ ಅಂಗಡ್ಯಾಗ ಅವನ್ನ ಗಾಳಿ ಗನ್ನಿನಿಂದ ಟರ್ ಅಂತ ಬಿಗೀತಾರ. ಗಾಡಿ ಜೋಡಿ ಬರೋ ಪಾನಾ ಮಾರುದ್ದನೂ ಇಲ್ಲ, ಗೇಣುದ್ದ. ಅದರಿಂದ ಆ ನಟ್ಟು ಸಡಲ ಆಗಬೇಕಂದ್ರ ಪೈಲ್ವಾನ್ರು ಬೇಕು. ಉದ್ದ ಹಿಡಿಕಿ ಪಾನಾ ಇಲ್ಲಾ ಅಡ್ಡ-ಉದ್ದ ಇರೋ ಕ್ರಾಸ್ ಪಾನಾ ತಗೊಂಡ್ರ ನಮ್ಮಂಥವರೂ ಕಾಲಿನ ಭಾರಾ ಹಾಕಿ ಬಿಚ್ಚಬಹುದು. ಗಾಲಿ ನೆಲದ ಮ್ಯಾಲೆ ಇದ್ದಾಗನ ನಟ್ಟು ಸ್ವಲ್ಪ ಸಡಲ ಮಾಡಬೇಕು, ಆಮ್ಯಾಲೆ ಜಾಕ್ ಏರಸಬೇಕು. ಹ್ಯಾಂಡ್ ಬ್ರೇಕ್ ಎಳದು ಉಳದ ಗಾಲಿಗೆ ಕಲ್ಲು ಕೊಡೂದು ಮರೀಬ್ಯಾಡ್ರಿ.

ಇನ್ನ ನಮ್ಮ ಎರಿ ಭೂಮಿ. ನವಲಗುಂದ, ನರಗುಂದದ ಕಡೆ ಮಳಿ ಬಿದ್ದ ದಿನ ಡಾಂಬರು ಬಿಟ್ಟು ಒಂದು ಗಾಲಿ ಕೆಳಗಿಳದ್ರ ಮುಗೀತು, ಬೆಲ್ಲದ ಪಾಕಿನ್ಯಾಗ ಬಿದ್ದ ಇರುವಿ. ಜಾಕ್ ಇಟ್ರ ಜಾಕ ಒಳಗ ಹೋಗ್ತದ! ಅದಕ್ಕ ಒಂದು ದಪ್ಪ ಹಲಿಗಿ ತುಂಡು ಬೇಕು (ಲಟ್ಟಣಿಗಿ ಮಣಿ ಕೇಳ್ಯಾರು, ಕೊಡಬ್ಯಾಡ್ರಿ). ಎರಡು ಗೋಣಿಚೀಲ, ಒಂದು ಸಣ್ಣ ಸಲಿಕಿ. ನಮ್ಮ ಸಣ್ಣ ಕಾರು ಹೆಚ್ಚಿನವು ಮುಂದಿನ ಗಾಲಿ ಮ್ಯಾಲೆ ಎಳಿಯೋವು, ಅಂದ್ರ ಚೀಲಾ ಮುಂದಿನ ಗಾಲಿಗೆ ಹಾಸಬೇಕು. ಎಕ್ಸಲೇಟರ್ ಒತ್ತಿ ಗಾಲಿ ಗರಗರ ತಿರಗಿಸಿದಷ್ಟೂ ತೆಗ್ಗು ಆಳ ಆಗ್ತದ. ಗಾಳಿ ಒಂದಿಷ್ಟು ಇಳಿಸಿದ್ರ ಹಿಡಿತ ಬರ್ತದ, ಆದ್ರ ತಿರಗಿ ತುಂಬಲಿಕ್ಕೆ ಪಂಪ್ ಇರಬೇಕಲ್ಲಾ.

ಆ ಪಂಪ್ ಒಂದು ಇಲ್ಲದ ಮನಿ ಬಿಟ್ಟು ಹೊರಡಬಾರದು. ಗಾಡ್ಯಾಗಿನ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚಿದ್ರ ಆತು. ಟ್ಯೂಬ್‌ಲೆಸ್ ಟೈರಿಗೆ ಮಳಿ ಚುಚ್ಚಿದ್ರ ಕೀಳಬ್ಯಾಡ್ರಿ. ಗಾಳಿ ತುಂಬಿ ಮೆಲ್ಲಕ ಹತ್ತಿರದ ಪಂಕ್ಚರ್ ಅಂಗಡಿ ಮುಟ್ಟಬಹುದು. ಟೈರಿನ ಬಾಜೂ ಹರದ್ರ ಮಾತ್ರ ಸ್ಟೆಪ್ನಿನ ಗತಿ. 2020ರಿಂದ ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿ ತೋರಸೋ ಯಂತ್ರ ಇದ್ದ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ ಕಾಯ್ದೆ ಬಂದದ. ಹೊಸಾ ಗಾಡಿ ತಗೊಳೋ ಮುಂದ ಬಣ್ಣಾ ನೋಡೂಕಿಂತ ಮೊದಲ ಡಿಕ್ಕಿ ತಳಾ ಎತ್ತಿ ನೋಡ್ರಿ, ಅಕ್ಕಾರ.

ಬ್ಯಾಟರಿ ವಾಯರು, ಎಳಿಯೋ ಹಗ್ಗ, ಬ್ಯಾಟರಿ ದೀಪ, ಕೆಂಪು ತ್ರಿಕೋನ ಇದ್ದ ಇರಬೇಕು. ಹಗ್ಗ ತಂದು ಕೊಕ್ಕಿ ಎಲ್ಲಿ ಕೂಡಸಬೇಕು ಗೊತ್ತಿಲ್ಲದವರು ಭಾಳ ಮಂದಿ. ಭಾಳ ಗಾಡ್ಯಾಗ ಅದು ಜಾಕಿನ ಜೋಡಿನ ಇರ್ತದ, ಬಂಪರಿನ ಸಣ್ಣ ಮುಚ್ಚಳಾ ತಗದು ತಿರುವಿ ಕೂಡಸೂದು. ಹಗ್ಗ ಜಗ್ಗೋ ಮುಂದ ಹುಡುಗರನ್ನ ದೂರ ನಿಲ್ಲಸ್ರಿ. ಹರದು ಬಡದ್ರ ಹಾವು ಕಡದಂಗ.

"1033ಕ್ಕ ಫೋನ್ ಮಾಡಿದ್ರಾತು, ಹೈವೇದವರು ಬರ್ತಾರ" ಅಂತಾರ ನಮ್ಮ ಮನಿಯವರು. ಮಾಡ್ರಿ, ಬ್ಯಾಡ ಅಂದೋರು ಯಾರು? ಆದ್ರ ಆ ನಂಬರು ರಾಷ್ಟ್ರೀಯ ಹೆದ್ದಾರಿಗೆ. ಊರ ಒಳಗಿನ ಹೊಲದ ದಾರಿಗೆ ಯಾರು ಬರ್ತಾರ? ಅರಬೈಲ್ ಘಟ್ಟದಾಗ ಫೋನ್ ಹತ್ತಲಿಲ್ಲಂದ್ರ?

ಇನ್ನೊಂದು ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಾವ: "ನಿಮ್ಮ ಸೀರಿ ಚೀಲ ಹೆಚ್ಚಾಗಿ ಜಾಗಾ ಇಲ್ಲ." ಪಂಪ್, ವಾಯರು, ಹಗ್ಗ ಎಲ್ಲಾ ಕೂಡಿ ಒಂದು ಕಾಯಿಪಲ್ಲೆ ಕೈಚೀಲಾ ತುಂಬತಾವ. ಆದ್ರ ಅದನ್ನ ಡಿಕ್ಕಿ ತಳಕ್ಕ ಒಗದು ಮ್ಯಾಲೆ ಆರು ಸೂಟ್‌ಕೇಸ್ ಹೇರಬಾರದು, ಮ್ಯಾಲೆ ಇಡಬೇಕು.

ಮುಂದಿನ ಯಾತ್ರಾದ ಹಿಂದಿನ ಆಯಿತವಾರ, ಸ್ವಯಂಪಾಕ ಮುಗಿದ ಮ್ಯಾಲೆ ಅಂಗಳದಾಗ ಗಾಡಿ ನಿಲ್ಲಿಸಿ ಒಂದು ಗಾಲಿ ನೀವ ಬಿಚ್ಚಿ ಹಾಕ್ರಿ. ಸ್ಟೆಪ್ನಿಗೆ ಗಾಳಿ ಅದನೋ ಇಲ್ಲೋ ಅವಾಗ ತಿಳೀತದ. ಗಂಡಸರು ಬಾಜೂಕ ಚಹಾ ಕುಡಕೋತ ಕೂಡ್ಲಿ. ಚಹಾನೂ ಅವರ ಮಾಡ್ಕೊಳ್ಳಿ.