ಪಹಣಿಯಲ್ಲಿ ಅವಳ ಹೆಸರೆಲ್ಲಿ?

"ನಮ್ಮೋರ ಹತ್ರ ಏನೈತೆ ಅಂತ ಪಾಲು ಮಾಡೋದು? ಎರಡು ಪಾತ್ರೆ, ಒಂದು ಚಾಪೆ." ವಿಚ್ಛೇದನದ ಮಾತು ಬಂದಾಗಲೆಲ್ಲ ಹಾಸ್ಟೆಲಿನ ಗೆಳೆಯರು ಹೀಗೆ ಹೇಳಿ ನಗುತ್ತಾರೆ. ಆಸ್ತಿ ಜಗಳ ಏನಿದ್ದರೂ ಜಮೀನ್ದಾರರದ್ದು, ಬಂಗಲೆಯವರದ್ದು ಅಂತ ಅವರ ಲೆಕ್ಕ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ನಮ್ಮ ಕೇರಿಯಲ್ಲೂ ಈಗ ಆಸ್ತಿ ಇದೆ. ದರಖಾಸ್ತಿನಲ್ಲಿ ಸಿಕ್ಕ ಎರಡೆಕರೆ ಇದೆ, ಸರ್ಕಾರದ ಸೈಟು ಇದೆ, ಸಾಲ ಮಾಡಿ ತಂದ ಆಟೋ ಇದೆ, ಮೀಸಲಾತಿಯಿಂದ ಬಂದ ನೌಕರಿ ಇದೆ. ಎಲ್ಲಾ ಹೋರಾಡಿ ಪಡೆದದ್ದೇ. ಗಂಡ ಹೆಂಡತಿ ಬೇರೆಯಾದ ದಿನ ಇದರಲ್ಲಿ ಹೆಣ್ಣಿಗೆ ಎಷ್ಟು ಬರುತ್ತದೆ?

ಯಾರ ಹೆಸರಿನಲ್ಲಿದೆಯೋ ಅವರದ್ದು ಅನ್ನುತ್ತದೆ ಕಾನೂನು. ಅಷ್ಟೇ.

1955ರ ಹಿಂದೂ ವಿವಾಹ ಕಾಯ್ದೆಯನ್ನು ತೆಗೆದು ನೋಡಿ. (ಬೌದ್ಧರಾದವರಿಗೂ ಇದೇ ಕಾಯ್ದೆ. ದೀಕ್ಷೆ ತಗೊಂಡು ಹೊರಗೆ ಬಂದರೂ ಕೋರ್ಟಿನ ಬಾಗಿಲಲ್ಲಿ ನಮ್ಮನ್ನು ಹಳೇ ಹೆಸರಿನಿಂದಲೇ ಕೂಗುತ್ತಾರೆ!) ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಯ ಬಗ್ಗೆ 27ನೇ ಕಲಂ ಮಾತಾಡುತ್ತದೆ. ಆಮೇಲಿನ ಇಪ್ಪತ್ತು ವರ್ಷದ ದುಡಿಮೆಯ ಬಗ್ಗೆ ಅದಕ್ಕೆ ಬಾಯಿಲ್ಲ. 25ನೇ ಕಲಮಿನಲ್ಲಿ ಜೀವನಾಂಶ ಇದೆ, ತಿಂಗಳಿಗಿಷ್ಟು ಅಥವಾ ಒಂದೇ ಗಂಟು. ಆದರೆ ಜೀವನಾಂಶ ಅಂದರೆ ಪಾಲಲ್ಲ, ಪಡಿ. ಪಡಿಗೂ ಪಾಲಿಗೂ ಇರುವ ವ್ಯತ್ಯಾಸವನ್ನು ಜೀತ ಮಾಡಿದವರ ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಡಿ ಅಳೆಯುವವನ ಕೈ ಮೇಲಿರುತ್ತದೆ, ಹಿಡಿಯುವವಳ ಸೆರಗು ಕೆಳಗಿರುತ್ತದೆ.

ಇನ್ನೂ ಒಂದು ವಿಚಿತ್ರ ಕೇಳಿ. ಗಂಡ ಉಯಿಲು ಬರೆಯದೆ ಸತ್ತರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ಅವಳು ಮೊದಲ ದರ್ಜೆಯ ವಾರಸುದಾರಳು, ಮಕ್ಕಳ ಸಮಕ್ಕೆ ಪಾಲು. ಬದುಕಿದ್ದು ಬಿಟ್ಟನೋ, ಏನೂ ಇಲ್ಲ!

ಎರಡೆಕರೆ ಕಲ್ಲು ಗುಡ್ಡವನ್ನು ಹೊಲ ಮಾಡಿದ್ದು ಯಾರು? ಅವನು ಪೇಟೆಗೆ ಕೂಲಿಗೆ ಹೋದಾಗ ಕಲ್ಲು ಆಯ್ದವಳು, ಕಳ್ಳಿ ಕಡಿದವಳು, ಬದು ಹಾಕಿದವಳು ಅವಳು. ಸಾಗುವಳಿ ಚೀಟಿ ಬಂದದ್ದು ಅವನ ಹೆಸರಿಗೆ. ಯಾಕಂದ್ರೆ ಅರ್ಜಿ ಬರೆದದ್ದು ಅವನ ಹೆಸರಿನಲ್ಲಿ, ಬರೆದುಕೊಟ್ಟವರು ಓದಿದ ನಮ್ಮಂಥವರೇ. ಕೋರ್ಟು ಪಹಣಿ ನೋಡುತ್ತದೆ, ಅಂಗೈ ನೋಡುವುದಿಲ್ಲ.

ಬೇರೆ ದಾರಿ ಇಲ್ಲವೇ? ಪಕ್ಕದ ಗೋವಾಕ್ಕೆ ಹೋಗಿ ನೋಡಿ. ಪೋರ್ಚುಗೀಸರ 1867ರ ಸಿವಿಲ್ ಸಂಹಿತೆ ಅಲ್ಲಿ ಇನ್ನೂ ಬೇರು ಬಿಟ್ಟಿದೆ. ಮದುವೆಗೆ ಮೊದಲೇ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು, ಬೇರೆಯಾದರೆ ಅರ್ಧ ಅರ್ಧ. ಇಡೀ ದೇಶಕ್ಕೆ ಅಷ್ಟು ಬೇಡ, ಸ್ವಲ್ಪವಾದರೂ ಇರಲಿ ಅಂತ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಒಂದು ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿತು. ಲೋಕಸಭೆಯಲ್ಲಿ ಬಿದ್ದುಕೊಂಡು 2014ರಲ್ಲಿ ಸತ್ತಿತು. 2023ರಲ್ಲಿ ಮದ್ರಾಸ್ ಹೈಕೋರ್ಟು, ಗಂಡ ಹೊರದೇಶದಲ್ಲಿ ದುಡಿದು ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲಿದೆ ಎಂದಿತು. ಒಳ್ಳೆಯ ತೀರ್ಪು, ಆದರೆ ಅದು ತೀರ್ಪು, ಕಾಯ್ದೆಯಲ್ಲ.

ನಮ್ಮ ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿನಲ್ಲಿ ವಿಚ್ಛೇದನವನ್ನೂ ಹೆಣ್ಣಿನ ಆಸ್ತಿಹಕ್ಕನ್ನೂ ಒಂದೇ ಕಟ್ಟಿನಲ್ಲಿ ತಂದಿದ್ದರು. ಆ ಬಿಲ್ಲನ್ನು ಕೈಬಿಟ್ಟದ್ದು 1951ರಲ್ಲಿ ಅವರು ಮಂತ್ರಿಗಿರಿ ಒಗೆದು ಬಂದ ಕಾರಣಗಳಲ್ಲಿ ಒಂದು. ಏಪ್ರಿಲ್ 14ಕ್ಕೆ ಹಾರ ಹಾಕುವ ನಾವು ಈ ಮಾತನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇವೆ?

ಇನ್ನು ನಮ್ಮ ಕಟ್ಟೆಯ ಕಡೆ ಬರೋಣ. ಮೇಲ್ಜಾತಿಯ ಹೆಣ್ಣಿಗೆ ಬಿಡುಗಡೆಯೇ ಇಲ್ಲದಿದ್ದ ಕಾಲದಲ್ಲೂ ನಮ್ಮಲ್ಲಿ ಸೋಡಚೀಟಿ ಇತ್ತು, ಉಡಿಕೆ ಇತ್ತು, ಕೂಡಿಕೆ ಇತ್ತು ಅಂತ ಎದೆ ತಟ್ಟಿಕೊಳ್ಳುತ್ತೇವೆ. ನಿಜ. 1955ರ ಕಾಯ್ದೆಯ 29ನೇ ಕಲಂ ಆ ರೂಢಿಯನ್ನು ಉಳಿಸಿಯೂ ಇದೆ. ಆದರೆ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವರು ಯಾರು? ಗಂಡಸರು. ಛಾಪಾ ಕಾಗದ ಬರೆಯುವವನು ಗಂಡಸು. "ಇಷ್ಟು ತಗೊಂಡೆ, ಇನ್ನು ಮುಂದೆ ಏನೂ ಕೇಳಾಕಿಲ್ಲ" ಅಂತ ಬರೆದು ಅವಳ ಹೆಬ್ಬೆಟ್ಟು ಒತ್ತಿಸುತ್ತಾರೆ. ಕಾಫಿ ಕುಡಿದು ಏಳುತ್ತಾರೆ.

ಆ ಕಾಗದ ಕಂಡು ಹೆದರಬೇಕಾಗಿಲ್ಲ. ಕರ್ನಾಟಕದ ಹೆಣ್ಣುಮಗಳೊಬ್ಬಳು 1994ರಲ್ಲಿ 8,000 ರೂಪಾಯಿಗೆ ಹೀಗೇ ರಾಜಿಯಾಗಿದ್ದಳು, ಅದೂ ಕೋರ್ಟಿನಲ್ಲಿ. ಮುಂದೆ ಮತ್ತೆ ಜೀವನಾಂಶ ಕೇಳಿದಳು. ಆ ರಾಜಿ ಅವಳ ಹಕ್ಕಿಗೆ ಅಡ್ಡವಾಗುವುದಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೋರ್ಟಿನೊಳಗಿನ ರಾಜಿಯ ಗತಿಯೇ ಹೀಗಿರುವಾಗ ಕಟ್ಟೆಯ ಮೇಲಿನ ಹೆಬ್ಬೆಟ್ಟಿಗೆ ಎಷ್ಟು ಬೆಲೆ? ತವರಿನಿಂದ ತಂದ ಓಲೆ, ಸರ, ಪಾತ್ರೆಯೂ ಅವಳದ್ದೇ. ಅದನ್ನು ಬಚ್ಚಿಟ್ಟುಕೊಂಡ ಗಂಡ ನಂಬಿಕೆದ್ರೋಹದ ಅಪರಾಧಿ ಎಂದು 1985ರಲ್ಲೇ ತೀರ್ಪಾಗಿದೆ. ಸಂಬಳ ಮುಚ್ಚಿಡುವ ಆಟವೂ ನಡೆಯದು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲ, ವರಮಾನವನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ. ನಾಳೆ ನೌಕರಿ ಹಿಡಿಯುವ ಗೆಳೆಯರೇ, ಇದು ನಿಮಗೂ ಸೇರಿದ ಸುದ್ದಿ.

ಭೂಮಿ ಬೇಕು ಅಂತ ತಾಲ್ಲೂಕು ಕಚೇರಿ ಮುಂದೆ ಕೂತಾಗ ನಮ್ಮ ಬೇಡಿಕೆಯಲ್ಲಿ ಈ ಸಾಲೂ ಇರಬೇಕು: ಸಾಗುವಳಿ ಚೀಟಿ, ಹಕ್ಕುಪತ್ರ, ಖಾತೆ ಎಲ್ಲವೂ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ. ಕಾಯ್ದೆ ಬರುವತನಕ ಕಾಯುವುದು ಬೇಡ, ಅರ್ಜಿ ಬರೆಯುವ ಪೆನ್ನು ನಮ್ಮ ಕೈಲೇ ಇದೆ.

ಕೇಸು ನಡೆಸಲು ದುಡ್ಡೆಲ್ಲಿ ಅನ್ನುವವರಿಗೆ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿದರೆ ತೋರಿಸುತ್ತಾರೆ. ಈ ರಜೆಗೆ ಊರಿಗೆ ಹೋದಾಗ, ಹೆಬ್ಬೆಟ್ಟು ಒತ್ತಿಸಿಕೊಂಡು ತವರಿಗೆ ಕಳಿಸಿದ ಅಕ್ಕಂದಿರು ಕೇರಿಯಲ್ಲಿ ಇದ್ದರೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಆ ಕಾಗದವನ್ನೂ ಜೊತೆಗೆ ಒಯ್ಯಿರಿ.