ಗುಪ್ತಾಂಗದ ನೋವು ಗುಪ್ತವಾಗಿರಬಾರದು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಗಂಡಸರು ಮೊಣಕಾಲು ನೋವನ್ನು ಕಟ್ಟೆಯ ಮೇಲೆ ಕುಳಿತು ಹತ್ತು ಜನರೆದುರು ಹೇಳುತ್ತಾರೆ. ಮೂಲವ್ಯಾಧಿಯನ್ನೂ ಹೇಳಿಕೊಂಡಾರು. ಆದರೆ ತೊಡೆಸಂದಿಯಲ್ಲಿ ಗಂಟಾಗಿದ್ದರೆ, ವೃಷಣ ಊದಿದ್ದರೆ ಬಾಯಿ ಕಟ್ಟುತ್ತದೆ. ಕೆಮ್ಮಿಗೆಂದು ಬಂದವರು ಚೀಟಿ ಬರೆಸಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ಬಂದು ‘ಇನ್ನೊಂದು ಇತ್ರೀ ಸಾಹೇಬ್ರ’ ಎನ್ನುತ್ತಾರೆ. ಅನೇಕ ಸಲ ಆ ‘ಇನ್ನೊಂದೇ’ ನಿಜವಾದ ಕಾಯಿಲೆ.

ಇದಕ್ಕೆ ಅರ್ಧ ಕಾರಣ ‘ಗುಪ್ತರೋಗ’ ಎಂಬ ಪದ ಎಂದು ನನ್ನ ಅಭಿಪ್ರಾಯ. ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಯುವ ಈ ಪದ ಹರ್ನಿಯಾ, ಗಜಕರ್ಣ, ನೀರು ತುಂಬಿದ ವೃಷಣ ಎಲ್ಲವನ್ನೂ ಕೆಟ್ಟ ನಡತೆಯ ಜೊತೆ ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ. ರೋಗಿ ಮುಚ್ಚಿಡುತ್ತಾನೆ, ಗೋಡೆಯ ವೈದ್ಯರಿಗೆ ವ್ಯಾಪಾರವಾಗುತ್ತದೆ.

ಈ ಸಂಕೋಚಕ್ಕೆ ಅತಿ ಹೆಚ್ಚು ಬೆಲೆ ತೆರುವವರು ಹದಿಹರೆಯದ ಹುಡುಗರು. ಬಾವಿಯ ಹಗ್ಗ ಹುರಿಗೊಳ್ಳುವಂತೆ ವೃಷಣ ತನ್ನ ರಕ್ತನಾಳದ ಮೇಲೆಯೇ ತಿರುಚಿಕೊಳ್ಳುವುದುಂಟು. ವೈದ್ಯರು ಇದಕ್ಕೆ ಟಾರ್ಷನ್ ಎನ್ನುತ್ತಾರೆ. 12ರಿಂದ 18 ವರ್ಷದವರಲ್ಲಿ ಹೆಚ್ಚು. ಪೆಟ್ಟೇ ಬೀಳಬೇಕೆಂದಿಲ್ಲ, ನಿದ್ದೆಯಲ್ಲೂ ಆಗುತ್ತದೆ. ಒಮ್ಮೆಲೇ ತಡೆಯಲಾರದ ನೋವು, ವಾಂತಿ, ಒಂದು ಬೀಜ ಮೇಲಕ್ಕೆ ಸರಿದಂತೆ ಕಾಣುವುದು ಇದರ ಲಕ್ಷಣ. ಹುಡುಗ ನಾಚಿಕೆಯಿಂದ ‘ಹೊಟ್ಟಿನೋವು’ ಎನ್ನುತ್ತಾನೆ; ಕೆಲವರಿಗೆ ನೋವು ನಿಜವಾಗಿಯೂ ಕಿಬ್ಬೊಟ್ಟೆಯಲ್ಲೇ ಇರುತ್ತದೆ. ತಾಯಿ ಓಂಕಾಳು ಕುದಿಸಿ ಕೊಡುತ್ತಾಳೆ. ಬೆಳಗಾಗುತ್ತದೆ.

ರಕ್ತ ನಿಂತ ವೃಷಣಕ್ಕೆ ಇರುವ ಅವಕಾಶ ಸುಮಾರು 6 ಗಂಟೆ. ಅಷ್ಟರೊಳಗೆ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಒಂಬತ್ತು ಉಳಿಯುತ್ತವೆ. ಒಂದು ದಿನ ಕಳೆದರೆ ಬಹುತೇಕ ತೆಗೆದುಹಾಕಬೇಕಾಗುತ್ತದೆ. ಹಾಗೆಂದು ತಡವಾಯಿತು ಎಂದು ಮನೆಯಲ್ಲೇ ಉಳಿಯಬೇಡಿ. ನಮ್ಮಲ್ಲಿ ದೂರದ ನೆಪ ಹೇಳುವಂತಿಲ್ಲ. ಸ್ಥಳೀಯ ಆಸ್ಪತ್ರೆಯಲ್ಲಿ ಆಗದಿದ್ದರೂ ಹಾವೇರಿಯಿಂದ ಹುಬ್ಬಳ್ಳಿಗೆ, ರಾಣೆಬೆನ್ನೂರಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ಸಮಯ ತಿನ್ನುವುದು ರಸ್ತೆಯಲ್ಲ, ಮನೆಯ ಮೌನ. ಆದ್ದರಿಂದ ತಂದೆ-ತಾಯಿಗಳೇ, ಮಗ ರಾತ್ರಿ ಹೊಟ್ಟೆನೋವೆಂದು ಹೊರಳಾಡಿದರೆ ‘ಕೆಳಗೇನಾದ್ರೂ ನೋವೈತೇನೋ?’ ಎಂದು ನೇರವಾಗಿ ಕೇಳಿ. ವಸತಿ ನಿಲಯದ ವಾರ್ಡನ್‌ಗಳಿಗೂ ಇದೇ ಮಾತು.

ಇನ್ನು ದುಡಿಯುವ ವಯಸ್ಸಿನವರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲಕ್ಕೆ ಮೆಣಸಿನಕಾಯಿ ಚೀಲ ಹೊರುವ ಹಮಾಲರನ್ನು ನೋಡಿದ್ದೀರಿ. ಭಾರ ಎತ್ತುವುದು, ಬಿಡದ ಕೆಮ್ಮು, ಮಲಬದ್ಧತೆ ಇವೆಲ್ಲ ಹರ್ನಿಯಾಕ್ಕೆ ದಾರಿ. ಕೆಮ್ಮಿದಾಗ ತೊಡೆಸಂದಿಯಲ್ಲಿ ಉಬ್ಬಿ, ಮಲಗಿದಾಗ ಒಳಗೆ ಹೋಗುವ ಗಂಟು ಅದು. ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ಕರುಳು ಸಿಕ್ಕಿಕೊಂಡಿದೆ ಎಂದು ತಿಳಿದು ಕೂಡಲೇ ಆಸ್ಪತ್ರೆ ಸೇರಬೇಕು. ನೋವಿಲ್ಲದೆ ನಿಧಾನವಾಗಿ ವೃಷಣದ ಸುತ್ತ ನೀರು ತುಂಬುವುದು ಹೈಡ್ರೋಸೀಲ್. ಇದಕ್ಕೆ ಅವಸರವಿಲ್ಲ, ಆದರೆ ಲೇಪದಿಂದ ಕರಗುವುದೂ ಇಲ್ಲ. ತೊಂದರೆ ಕೊಡುವಷ್ಟು ದೊಡ್ಡದಾದರೆ ಶಸ್ತ್ರಚಿಕಿತ್ಸೆಯೇ ಮದ್ದು. ಇದನ್ನು ಗುಣಪಡಿಸುತ್ತೇವೆಂದು ಔಷಧಿ ಜಾಹೀರಾತು ನೀಡುವುದನ್ನೇ 1954ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಗೋಡೆಗಳು ಕಾಯಿದೆ ಓದಿಲ್ಲ, ಅಷ್ಟೆ!

ವೃಷಣದೊಳಗೇ ಗಟ್ಟಿಯಾದ, ನೋವಿಲ್ಲದ ಗಂಟು ಕೈಗೆ ಸಿಕ್ಕರೆ ಮಾತ್ರ ಕಾಯಬೇಡಿ. 15ರಿಂದ 40ರ ವಯಸ್ಸಿನಲ್ಲಿ ಅದು ಕ್ಯಾನ್ಸರ್ ಇರಬಹುದು. ಬೇಗ ಗೊತ್ತಾದರೆ ಚೆನ್ನಾಗಿ ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು.

ಐವತ್ತರ ಆಸುಪಾಸಿನ ಹಿರಿಯರೊಬ್ಬರು ಮುಂದೊಗಲು ಬಿರಿದು ಉರಿಯುತ್ತದೆ, ಹಿಂದಕ್ಕೆ ಸರಿಯುತ್ತಿಲ್ಲ ಎಂದರೆ ನಾನು ಮೊದಲು ಬರೆಯುವುದು ರಕ್ತದ ಸಕ್ಕರೆ ಪರೀಕ್ಷೆ. ಮಧುಮೇಹ ಎಷ್ಟೋ ಜನರಲ್ಲಿ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಪಾಪ, ಹೆಂಡತಿಗೂ ಹೇಳದೆ ಆರು ತಿಂಗಳು ಕೊಬ್ಬರಿ ಎಣ್ಣೆ ಹಚ್ಚಿಕೊಂಡಿರುತ್ತಾರೆ. ತೊಡೆಸಂದಿಯ ತುರಿಕೆಗೆ ಅಂಗಡಿಯಿಂದ ತಾವೇ ಟ್ಯೂಬ್ ತರುವವರದು ಇನ್ನೊಂದು ಕಥೆ. ಅನೇಕ ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ನಾಲ್ಕು ದಿನ ತುರಿಕೆ ಅಡಗಿ, ಗಜಕರ್ಣ ಮಾತ್ರ ಒಳಗೊಳಗೇ ಹರಡುತ್ತದೆ, ತೊಗಲು ತೆಳುವಾಗುತ್ತದೆ.

ಇಲ್ಲಿ ವೈದ್ಯರಾದ ನಮ್ಮ ಪಾಲೂ ಇದೆ. ನಾಲ್ಕು ಜನ ಕುಳಿತಿರುವ ಕೋಣೆಯಲ್ಲಿ ‘ಏನು ತೊಂದರೆ?’ ಎಂದು ಗಟ್ಟಿಯಾಗಿ ಕೇಳಿದರೆ ಯಾರು ಹೇಳಿಯಾರು? ಒಂದು ಪರದೆ ಕಟ್ಟಲು ಎಷ್ಟು ಖರ್ಚು?

ಚಿಕ್ಕ ಮಕ್ಕಳ ಬಗ್ಗೆ ತಾಯಂದಿರಿಗೆ ಎರಡು ಮಾತು. ಕೂಸಿನ ಮುಂದೊಗಲು ಹಿಂದಕ್ಕೆ ಸರಿಯದಿರುವುದು ಸಹಜ. ಎಣ್ಣೆ ಹಚ್ಚಿ ಬಲವಂತವಾಗಿ ಎಳೆಯಬೇಡಿ. ಉಚ್ಚೆ ಹೊಯ್ಯುವಾಗ ಅತ್ತರೆ ಅಥವಾ ತೊಗಲು ಬಲೂನಿನಂತೆ ಉಬ್ಬಿದರೆ ತೋರಿಸಿ. ಎರೆಯುವಾಗ ಎರಡೂ ಬೀಜ ಚೀಲದೊಳಗೆ ಇವೆಯೇ ಎಂದು ಮೆಲ್ಲಗೆ ಮುಟ್ಟಿ ನೋಡಿ. ಆರು ತಿಂಗಳಾದರೂ ಒಂದು ಇಳಿದಿಲ್ಲವಾದರೆ ‘ದೊಡ್ಡವನಾದ ಮೇಲೆ ಇಳೀತೈತಿ’ ಎಂಬ ಹಿರಿಯರ ಮಾತಿಗೆ ಕೂರದೆ ಶಸ್ತ್ರವೈದ್ಯರ ಬಳಿ ಒಯ್ಯಿರಿ. ಒಂದೂವರೆ ವರ್ಷ ತುಂಬುವುದರೊಳಗೆ ಅದನ್ನು ಕೆಳಗಿಳಿಸಿ ನಿಲ್ಲಿಸುವುದು ಒಳ್ಳೆಯದು.